ಹತ್ತನೇ ಕ್ಲಾಸಿನ ಮಕ್ಕಳಿಗಾಗಿ ಒಬ್ಬ ಅಕ್ಕನ ಸಂಬಳ ಕೊಡಿ

ಆತ್ಮೀಯರೇ,

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ಆ ಸಲ 22 ಮಕ್ಕಳು 625ಕ್ಕೆ 625 ತೆಗೆದರು. ಎಲ್ಲ ಕಡೆ ಅವರದ್ದೇ ಸುದ್ದಿ. ಖುಷಿ ಪಡುವ ವಿಷಯವೇ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಫಲಿತಾಂಶದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಪರೀಕ್ಷೆ ಬರೆದವರು ಸುಮಾರು 8.42 ಲಕ್ಷ. ಪಾಸಾದವರು ಸುಮಾರು 5.25 ಲಕ್ಷ. ಉಳಿದ ಮೂರು ಲಕ್ಷಕ್ಕೂ ಜಾಸ್ತಿ ಮಂದಿ ಅವತ್ತು ಸಂಜೆ ಏನು ಮಾಡಿದರು, ಮುಂದಿನ ವಾರ ಎಲ್ಲಿಗೆ ಹೋದರು ಅಂತ ಯಾರೂ ಕೇಳಲಿಲ್ಲ.

ಜಿಲ್ಲಾವಾರು ಪಟ್ಟಿ ನೋಡಿದರೆ ಇನ್ನೂ ಬೇಸರವಾಗುತ್ತದೆ. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಂದಿ ಪಾಸು, ಕಲಬುರಗಿಯಲ್ಲಿ 42. ಕಲಬುರಗಿಯ ಮಕ್ಕಳಿಗೆ ಬುದ್ಧಿ ಕಡಿಮೆ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಜಗಳಕ್ಕೆ ನಾವು ತಯಾರು.

ಸರ್ಕಾರಿ ಹೈಸ್ಕೂಲುಗಳಲ್ಲಿ ಓದು ಬಿಡುವ ಹಂತಕ್ಕೆ ಬಂದ ಮಕ್ಕಳನ್ನು ಹತ್ತನೇ ಕ್ಲಾಸು ದಾಟಿಸಿ ಪಿಯುಸಿಗೋ ಐಟಿಐಗೋ ಡಿಪ್ಲೊಮಾಗೋ ಸೇರಿಸುವುದು ನಮ್ಮ ಟ್ರಸ್ಟಿನ ಕೆಲಸ. ಅದಕ್ಕೆ ನಿಮ್ಮ ಹತ್ತಿರ ಹಣ ಕೇಳುತ್ತಿದ್ದೇವೆ. ಏನಕ್ಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇವೆ: ಸಂಬಳಕ್ಕೆ. ಬ್ಯಾಗು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು ಕೊಡುವವರು ಜೂನ್ ತಿಂಗಳಲ್ಲಿ ಸಾಕಷ್ಟು ಜನ ಸಿಗುತ್ತಾರೆ. ಒಂದು ಮಗುವಿನ ಬೆನ್ನು ಹತ್ತಿ ವರ್ಷವಿಡೀ ಓಡಾಡುವವರಿಗೆ ಸಂಬಳ ಕೊಡುವವರು ಸಿಗುವುದಿಲ್ಲ.

ಬೆನ್ನು ಹತ್ತುವುದು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಮಗು ಶಾಲೆ ಬಿಡುವುದು ಒಂದೇ ದಿನದಲ್ಲಿ ನಡೆಯುವುದಿಲ್ಲ. ಮೊದಲು ವಾರಕ್ಕೆ ಒಂದು ದಿನ ಗೈರು. ಆಮೇಲೆ ಎರಡು. ಕಿರುಪರೀಕ್ಷೆಯಲ್ಲಿ ಗಣಿತದ ಹಾಳೆ ಖಾಲಿ. ಆಮೇಲೆ ಹಿಂದಿನ ಬೆಂಚು. ಎಸ್ಸೆಸ್ಸೆಲ್ಸಿಗೆ ಕೂರಲು ನೂರಕ್ಕೆ 75ರಷ್ಟು ಹಾಜರಾತಿ ಬೇಕು. ಅದು ಕಡಿಮೆ ಬೀಳುತ್ತಿದೆ ಅಂತ ಜನವರಿಯಲ್ಲಿ ಗೊತ್ತಾದರೆ ಏನೂ ಮಾಡಲಾಗದು. ಆಗಸ್ಟ್‌ನಲ್ಲಿ ಗೊತ್ತಾದರೆ ಮಾಡಬಹುದು. ಮೇಷ್ಟ್ರುಗಳಿಗೆ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಆದರೆ ಗಣಿತದ ಮೇಷ್ಟ್ರು ಪಾಠ ಬಿಟ್ಟು ನಾಲ್ಕು ಹಳ್ಳಿ ಸುತ್ತಲು ಆಗುತ್ತದೆಯೇ? ಎಷ್ಟೋ ಕಡೆ ಆ ವಿಷಯಕ್ಕೆ ಇರುವುದೇ ಅತಿಥಿ ಶಿಕ್ಷಕರು. ಅದರ ಮೇಲೆ ಮಾಹಿತಿ ತುಂಬುವ ಕೆಲಸ, ಸಮೀಕ್ಷೆ, ಚುನಾವಣೆ ಡ್ಯೂಟಿ. ಅವರನ್ನು ದೂರುವುದು ಸುಲಭ, ನಾವು ದೂರುವುದಿಲ್ಲ.

ಅಲ್ಲಿ ನಮ್ಮ ಅಕ್ಕಂದಿರು ಬರುತ್ತಾರೆ. ಕಾಗದದ ಮೇಲೆ ಅವರು 'ಕ್ಷೇತ್ರ ಕಾರ್ಯಕರ್ತೆ'. ಮಕ್ಕಳು ಕರೆಯುವುದು ಅಕ್ಕ ಅಂತಲೇ. ಎರಡು ಮೂರು ಶಾಲೆಗೆ ಒಬ್ಬರು. ಮುಖ್ಯೋಪಾಧ್ಯಾಯರ ಒಪ್ಪಿಗೆ ತೆಗೆದುಕೊಂಡು ಹಾಜರಿ ಪುಸ್ತಕ ನೋಡುತ್ತಾರೆ. ಮಗು ಸತತವಾಗಿ ಗೈರಾದರೆ ಮನೆಗೆ ಹೋಗುತ್ತಾರೆ. ಬೈಯಲು ಅಲ್ಲ, ಕಾರಣ ತಿಳಿಯಲು.

ಕಾರಣಗಳು ಒಂದೇ ಥರ ಇರುವುದಿಲ್ಲ. ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅದು ಗುಳೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಬೆಂಗಳೂರಿಗೋ ಮುಂಬೈಗೋ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ, ಇಲ್ಲವೇ ಕಬ್ಬು ಕಡಿಯಲು ಹೋಗುತ್ತಾರೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ ನಡೆಯುವುದೂ ಆ ತಿಂಗಳುಗಳಲ್ಲೇ. ಮಗುವನ್ನು ಜೊತೆಗೆ ಕರೆದುಕೊಂಡು ಹೋದರೆ ಶಾಲೆ ತಪ್ಪಿತು. ಬಿಟ್ಟು ಹೋದರೆ ತಮ್ಮ ತಂಗಿಯರ ಜವಾಬ್ದಾರಿ ಅದರ ತಲೆ ಮೇಲೆ. ಅಕ್ಕ ಅಲ್ಲಿಗೆ ಹೋಗಿ "ಓದು ಮುಖ್ಯ" ಅಂತ ಭಾಷಣ ಮಾಡಿದರೆ ಪ್ರಯೋಜನವಿಲ್ಲ. ಆ ಮಗುವಿಗೆ ಹಾಸ್ಟೆಲ್ ಸೀಟು ಬೇಕು. ಸಮಾಜ ಕಲ್ಯಾಣ ಇಲಾಖೆಯದ್ದು, ಹಿಂದುಳಿದ ವರ್ಗಗಳ ಇಲಾಖೆಯದ್ದು ಹಾಸ್ಟೆಲ್‌ಗಳಿವೆ. ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ, ಕೊನೆಯ ದಿನಾಂಕದ ಒಳಗೆ. ಗುಳೆ ಹೊರಟ ಮನೆಗೆ ಆ ದಿನಾಂಕ ಯಾರು ಹೇಳಬೇಕು?

ಹುಡುಗಿಯರದ್ದು ಬೇರೆ ಕಥೆ. ಅವರು ಹುಡುಗರಿಗಿಂತ ಚೆನ್ನಾಗಿ ಓದುತ್ತಾರೆ, ಪ್ರತಿ ವರ್ಷದ ಫಲಿತಾಂಶವೂ ಅದನ್ನೇ ಹೇಳುತ್ತದೆ. ಕಷ್ಟ ಶುರುವಾಗುವುದು ಪಾಸಾದ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರು ಟಿಕೆಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ನಿಜಕ್ಕೂ ದೊಡ್ಡ ಸಹಾಯ ಅದು. ಆದರೆ ಕಾಲೇಜು ಬಿಡುವ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲದಿದ್ದರೆ? ಕತ್ತಲಾದ ಮೇಲೆ ಕ್ರಾಸಿನಿಂದ ಎರಡು ಕಿಲೋಮೀಟರ್ ನಡೆದು ಬರಬೇಕು ಅಂದರೆ ಯಾವ ಅಪ್ಪ ಕಳಿಸುತ್ತಾನೆ? ಸುಮ್ನೆ ಮನೆಯಲ್ಲಿ ಕೂತ ಹುಡುಗಿಗೆ ಕೆಲವೇ ತಿಂಗಳಲ್ಲಿ ಗಂಡು ನೋಡಲು ಶುರು. ಹದಿನೆಂಟಕ್ಕೆ ಮೊದಲು ಮದುವೆ ಮಾಡುವುದು ಅಪರಾಧ. ಕರ್ನಾಟಕದ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಇದು ಅನೇಕರಿಗೆ ಗೊತ್ತಿಲ್ಲ. ತೀರಾ ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ. ಆದರೆ ಪೊಲೀಸರು ಬಂದು ನಿಲ್ಲಿಸಿದ ಮದುವೆಗಿಂತ, ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ ಅನ್ನುವ ಕಾರಣಕ್ಕೆ ಮಾತೇ ಏಳದ ಮದುವೆ ಎಷ್ಟೋ ವಾಸಿ ಅಂತ ನಮ್ಮ ಅಭಿಪ್ರಾಯ.

ಹುಡುಗರದ್ದು? ಕೈಗೆ ದುಡ್ಡು ಸಿಕ್ಕಿಬಿಡುತ್ತದೆ. ಗ್ಯಾರೇಜು, ಸೆಂಟ್ರಿಂಗ್ ಕೆಲಸ, ಟ್ರ್ಯಾಕ್ಟರು. ಕಡ್ಡಾಯ ಶಿಕ್ಷಣದ ಹಕ್ಕು 6ರಿಂದ 14 ವರ್ಷದವರೆಗೆ ಮಾತ್ರ, ಅಂದರೆ ಎಂಟನೇ ಕ್ಲಾಸಿಗೆ ಮುಗಿಯಿತು. ಒಂಬತ್ತು ಹತ್ತರಲ್ಲಿರುವ ಹುಡುಗ ಶಾಲೆ ಬಿಟ್ಟರೆ ಆ ಕಾಯ್ದೆ ಅವನ ಕೈ ಹಿಡಿಯುವುದಿಲ್ಲ. ಅಪಾಯದ ಕೆಲಸಕ್ಕೆ ಹದಿನೆಂಟರ ಒಳಗಿನವರನ್ನು ಸೇರಿಸುವಂತಿಲ್ಲ ಅಂತ ಕಾನೂನು ಇದೆ ನಿಜ. ಆದರೆ ಕೆಲಸ ಬಿಡಿಸಿದ ಮಾತ್ರಕ್ಕೆ ಹುಡುಗ ಕ್ಲಾಸಿಗೆ ಬಂದು ಕೂರುವುದಿಲ್ಲ. ಬಂದರೂ ಪಾಠ ಅರ್ಥವಾಗಬೇಕು. ಎಂಟನೇ ಕ್ಲಾಸಿನಿಂದ ಭಿನ್ನರಾಶಿ ಬಿಟ್ಟು ಬಂದವನಿಗೆ ವರ್ಗ ಸಮೀಕರಣ ಎಲ್ಲಿ ಹತ್ತುತ್ತದೆ?

ಅದಕ್ಕೇ ಸಂಜೆ ತರಗತಿ. ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಪದ್ಧತಿ ಇದೆ, ಕೇಳಿರುತ್ತೀರಿ. ನಿಧಾನ ಕಲಿಕೆಯ ಮಕ್ಕಳಿಗೆ ಖಚಿತವಾಗಿ ಬರುವ ಪ್ರಶ್ನೆಗಳನ್ನಷ್ಟೇ ಉರು ಹೊಡೆಸುವುದು. ನಕ್ಷೆ, ಪತ್ರಲೇಖನ, ಗ್ರಾಫು. ನಾವೂ ಅದನ್ನು ಮಾಡಿಸುತ್ತೇವೆ, ಫೆಬ್ರವರಿಯಲ್ಲಿ ಬೇರೆ ದಾರಿಯೂ ಇರುವುದಿಲ್ಲ. ಆದರೆ ಅದರಿಂದಲೇ ಪಾಸಾದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರಿ ಮೊದಲ ವರ್ಷವೇ ಮುಗ್ಗರಿಸುತ್ತಾನೆ. ಹಾಗಾಗಿ ಜೂನ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಸಂಜೆ ತರಗತಿಯಲ್ಲಿ ಹಳೆಯ ಪಾಠವೇ ಜಾಸ್ತಿ. ಆರನೇ ಕ್ಲಾಸಿನ ಗಣಿತ, ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್. ದಾನಿಗಳಿಗೆ ಇದು ಕಣ್ಣಿಗೆ ಕಾಣುವುದಿಲ್ಲ. ಉದ್ಘಾಟನೆ ಮಾಡಲು ಏನೂ ಇಲ್ಲ.

ಇನ್ನು ಫಲಿತಾಂಶ ಬಂದ ಮೇಲಿನ ದಿನಗಳು. ನಮ್ಮ ಪ್ರಕಾರ ಇಡೀ ವರ್ಷದಲ್ಲಿ ಅತಿ ಹೆಚ್ಚು ಮಕ್ಕಳು ಕೈತಪ್ಪುವುದು ಇಲ್ಲೇ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1, ಪರೀಕ್ಷೆ-2 ಹೀಗೆ. ಫೇಲಾದವರು ಫೇಲಾದ ವಿಷಯ ಮಾತ್ರ ಬರೆದರೆ ಸಾಕು, ಅದೇ ವರ್ಷ ಕಾಲೇಜು ಸೇರಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಸಮಯ ನೋಡಿ. 2025ರಲ್ಲಿ ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ಅಷ್ಟರಲ್ಲೇ ಅವಮಾನ ನುಂಗಬೇಕು, ಶಾಲೆಗೆ ಹೋಗಿ ಹೆಸರು ನೋಂದಾಯಿಸಬೇಕು, ಓದಬೇಕು. ಶಾಲೆಗೆ ಬೇಸಿಗೆ ರಜೆ ಬೇರೆ. ಫೇಲಾದ ಮಗು ತಾನಾಗಿ ಶಾಲೆಯ ಗೇಟಿಗೆ ಬರುವುದಿಲ್ಲ. ಅದು ಬೀದಿಯಲ್ಲಿ ಮೇಷ್ಟ್ರು ಕಂಡರೂ ಪಕ್ಕದ ಓಣಿಗೆ ತಿರುಗುತ್ತದೆ. ಫಲಿತಾಂಶದ ದಿನ ಸಂಜೆಯೇ ನಮ್ಮ ಅಕ್ಕಂದಿರು ಪಟ್ಟಿ ಹಿಡಿದು ಮನೆಮನೆಗೆ ಹೊರಡುತ್ತಾರೆ. ಪಾಸಾದವರ ಮನೆ ಆಮೇಲೆ. ಮೊದಲು ಫೇಲಾದವರದ್ದು. ಆ ರಾತ್ರಿ ಒಂದು ಮಗು ಒಂಟಿಯಾಗಿ ಇರಬಾರದು ಅನ್ನುವುದೂ ಅದಕ್ಕೆ ಕಾರಣ.

ಪಾಸಾದವರಿಗೂ ತಲೆನೋವು ಕಡಿಮೆಯೇನಲ್ಲ. ಟಿಸಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯ ಪ್ರಮಾಣಪತ್ರದಲ್ಲಿರುವ ಆರ್‌ಡಿ ನಂಬರ್ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಎಲ್ಲರೂ ಎಸ್‌ಎಸ್‌ಪಿ ಅನ್ನುವ ಅದರಲ್ಲಿ, ಅರ್ಜಿ ಮುಂದೆ ಹೋಗುವುದಿಲ್ಲ. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಕೊಂಡಿದೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಇಷ್ಟೆಲ್ಲ ಸರಿಯಾದರೂ ವಿದ್ಯಾರ್ಥಿವೇತನದ ಹಣ ಖಾತೆಗೆ ಬೀಳುವುದು ಎಷ್ಟೋ ತಿಂಗಳ ನಂತರ, ಕಾಲೇಜಿನವರು ದಾಖಲಾತಿ ಶುಲ್ಕ ಕೇಳುವುದು ಇವತ್ತೇ. ನಡುವಿನ ಆ ತಿಂಗಳುಗಳಿಗೆ ಕೈಸಾಲದಂತೆ ಒಂದು ಸಣ್ಣ ನಿಧಿ ಇಟ್ಟಿದ್ದೇವೆ. ವಿದ್ಯಾರ್ಥಿವೇತನ ಬಂದಾಗ ಮನೆಯವರು ಆದಷ್ಟು ತಿರುಗಿ ಕೊಡುತ್ತಾರೆ, ಅದು ಮುಂದಿನ ಮಗುವಿಗೆ ಹೋಗುತ್ತದೆ. ಕೊಡಲಾಗದಿದ್ದರೆ ಒತ್ತಾಯವಿಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ.

ಎಲ್ಲರನ್ನೂ ಪಿಯುಸಿಗೇ ತಳ್ಳಬೇಕು ಅಂತಲೂ ನಮಗಿಲ್ಲ. ಕೈಕೆಲಸ ಇಷ್ಟಪಡುವ ಹುಡುಗನಿಗೆ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಹೋಗಬಹುದು. ಈ ದಾರಿ ಇದೆ ಅಂತಲೇ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಗೆಳೆಯರು ಆರ್ಟ್ಸ್ ತಗೊಂಡರು, ನಾನೂ ತಗೊಂಡೆ ಅನ್ನುವುದೇ ಜಾಸ್ತಿ. ಎಂಟನೇ ಕ್ಲಾಸಿನಲ್ಲೇ ಬರೆಯಬೇಕಾದ ಎನ್‌ಎಂಎಂಎಸ್ ಅಂತ ಒಂದು ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಸರ್ಕಾರದ ದುಡ್ಡು, ಬಡ ಮಕ್ಕಳಿಗೆಂದೇ ಇಟ್ಟದ್ದು. ಅದನ್ನು ಮಗುವಿಗೆ ತಲುಪಿಸುವುದು ನಾವು ಕೈಯಿಂದ ಕೊಡುವುದಕ್ಕಿಂತ ಎಷ್ಟೋ ಜಾಣತನದ ಕೆಲಸ.

ಹಣದ ವಿಷಯಕ್ಕೆ ಬರೋಣ. ನೀವು ಕೊಡುವುದರಲ್ಲಿ ದೊಡ್ಡ ಪಾಲು ಅಕ್ಕಂದಿರ ಸಂಬಳಕ್ಕೆ, ಅವರ ಬಸ್ಸು ಮತ್ತು ಸ್ಕೂಟರ್ ಖರ್ಚಿಗೆ, ಸಂಜೆ ಪಾಠ ಮಾಡುವವರ ಗೌರವಧನಕ್ಕೆ ಹೋಗುತ್ತದೆ. ಉಳಿದದ್ದು ದಾಖಲಾತಿ ನಿಧಿಗೆ. "ನಮ್ಮ ದುಡ್ಡು ನೇರವಾಗಿ ಮಕ್ಕಳಿಗೇ ಹೋಗಲಿ, ಸಂಬಳಕ್ಕೆ ಬೇಡ" ಅನ್ನುವವರಿದ್ದಾರೆ. ಅವರಿಗೆ ದಾಖಲಾತಿ ನಿಧಿ ಇದೆ, ಹಾಗೆಂದು ಬರೆದು ಕೊಟ್ಟರೆ ಅಲ್ಲಿಗೇ ಹಾಕುತ್ತೇವೆ. ಆದರೂ ಒಂದು ಮಾತು: ಸಂಬಳವೂ ಮಗುವಿಗೇ ಹೋಗುತ್ತದೆ, ಅಲ್ವಾ? ತಿಂಗಳಿಗೆ 200 ರೂಪಾಯಿ ಆದರೂ ಸರಿ, 2,000 ಆದರೂ ಸರಿ. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ನಮಗೆ ಹೆಚ್ಚು ಉಪಯೋಗ. ಸಂಬಳ ತಿಂಗಳಿಗೊಮ್ಮೆ ಕೊಡಬೇಕಲ್ಲ.

ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಅಂತ ಕರೆಯುತ್ತಾರಲ್ಲ, ಅದು ಬೇಕಾದವರು ಪ್ಯಾನ್ ಸಂಖ್ಯೆ ಕೊಡಿ. ನಗದು 2,000 ರೂಪಾಯಿ ಮೀರಿದರೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯೇ ಒಳ್ಳೆಯದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ಲಾಭ ಇಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ವಿದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಒಸಿಐ ಕಾರ್ಡ್ ಇದ್ದರೂ, ನಾವು ತೆಗೆದುಕೊಳ್ಳುವಂತಿಲ್ಲ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ನಮ್ಮ ಹತ್ತಿರ ಇಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಮಕ್ಕಳ ಫೋಟೊ ಕಳಿಸಿ ಅಂತ ಕೇಳಬೇಡಿ. ಹದಿನೈದು ಹದಿನಾರರ ಮಗು 'ಸಹಾಯ ಪಡೆದವಳು' ಅಂತ ಹಣೆಪಟ್ಟಿ ಹಚ್ಚಿಕೊಂಡು ಕ್ಯಾಮೆರಾ ಮುಂದೆ ನಿಲ್ಲುವುದು ನಮಗೆ ಇಷ್ಟವಿಲ್ಲ. ಅದರ ಬದಲು ಆಡಿಟ್ ಆದ ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಪ್ರತಿ ದಾನಿಗೂ ಕಳಿಸುತ್ತೇವೆ. ಎಷ್ಟು ಮಕ್ಕಳು ಕಾಲೇಜು ಸೇರಿದರು ಅನ್ನುವುದರ ಜೊತೆಗೆ ಎಷ್ಟು ಮಕ್ಕಳನ್ನು ಉಳಿಸಿಕೊಳ್ಳಲು ಆಗಲಿಲ್ಲ, ಯಾಕೆ ಅನ್ನುವುದೂ ಅದರಲ್ಲಿರುತ್ತದೆ. ಓದಿ, ಪ್ರಶ್ನೆ ಕೇಳಿ.

ಹಣ ಕೊಡಲು ಆಗದವರು ಬೇರೆ ಥರ ನೆರವಾಗಬಹುದು. ನೀವು ಬ್ಯಾಂಕಿನಲ್ಲೋ ನಾಡಕಚೇರಿಯಲ್ಲೋ ಇದ್ದರೆ, ಪ್ರಮಾಣಪತ್ರಕ್ಕೆ ಅಲೆಯುವ ಮಗುವನ್ನು "ನಾಳೆ ಬಾ" ಅನ್ನದೆ ಕೂರಿಸಿಕೊಂಡು ಮುಗಿಸಿ ಕೊಡಿ. ಗಣಿತ ಬಲ್ಲವರು ಮೇ ತಿಂಗಳಲ್ಲಿ ಮೂರು ವಾರ ಸಂಜೆ ಬನ್ನಿ, ಪರೀಕ್ಷೆ-2ಕ್ಕೆ ಕೂರುವವರಿಗೆ ಪಾಠ ಮಾಡಿ. ಎಲೆಕ್ಟ್ರಿಷಿಯನ್, ನರ್ಸು, ಲ್ಯಾಬ್ ಟೆಕ್ನಿಷಿಯನ್ ಆಗಿರುವವರು ಒಂದು ದಿನ ಬಂದು ನಿಮ್ಮ ಕೆಲಸ ಏನು, ಅಲ್ಲಿಗೆ ಹೇಗೆ ಬಂದಿರಿ ಅಂತ ಹೇಳಿದರೂ ಸಾಕು. ಐಎಎಸ್ ಕಥೆಗಳನ್ನು ಮಕ್ಕಳು ಬೇಕಾದಷ್ಟು ಕೇಳಿದ್ದಾರೆ.

ಬ್ಯಾಂಕ್ ವಿವರವನ್ನು ಕೇಳಿದವರಿಗೆ ಟ್ರಸ್ಟಿನ ಲೆಟರ್‌ಹೆಡ್‌ನಲ್ಲೇ ಕಳಿಸುತ್ತೇವೆ. ವಾಟ್ಸಾಪ್‌ನಲ್ಲಿ ನಮ್ಮ ಹೆಸರು ಹೇಳಿ ಯಾವುದಾದರೂ ಕ್ಯೂಆರ್ ಕೋಡ್ ಬಂದರೆ ಅದು ನಮ್ಮದಲ್ಲ, ದುಡ್ಡು ಹಾಕಬೇಡಿ. ಮುಂದಿನ ಶಾಲಾ ವರ್ಷಕ್ಕೆ ಎಷ್ಟು ಅಕ್ಕಂದಿರನ್ನು ನೇಮಿಸಿಕೊಳ್ಳಬಹುದು ಅನ್ನುವುದನ್ನು ಮಾರ್ಚ್ ಕೊನೆಯೊಳಗೆ ತೀರ್ಮಾನಿಸಬೇಕು. ತಿಂಗಳಿಗೆ ಇಷ್ಟು ಕೊಡುತ್ತೇನೆ ಅಂತ ಅಷ್ಟರೊಳಗೆ ಒಂದು ಮಾತು ತಿಳಿಸಿ. ಹಣ ಜೂನ್‌ನಿಂದ ಶುರು ಮಾಡಿದರೂ ನಡೆಯುತ್ತದೆ.

ಇಂತಿ,
ಟ್ರಸ್ಟಿನ ಪರವಾಗಿ