ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮೊದಲು

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕ್ಷೇಮಸಮಾಚಾರ ಎರಡು ಸಾಲು, ಕಾರಿನ ಹೀಟರ್ ಬಗ್ಗೆ ಎರಡು ಪುಟ. ಬೇಸರವೇನಿಲ್ಲ, ನನಗೂ ಎರಡನೆಯದರಲ್ಲೇ ಹೆಚ್ಚು ಆಸಕ್ತಿ. ಗಾಳಿ ಜೋರಾಗಿಯೇ ಬೀಸುತ್ತದೆ, ಆದರೆ ತಣ್ಣಗಿರುತ್ತದೆ ಎಂದು ಬರೆದಿದ್ದೀಯ. ಮೆಕ್ಯಾನಿಕ್ ಒಬ್ಬ ಬಾನೆಟ್ ಕೂಡ ಎತ್ತದೆ, ‘ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು’ ಎಂದನಂತೆ. ನೀನು ಮುಂದಿನ ವಾರ ಗಾಡಿ ಬಿಡುತ್ತೇನೆಂದು ಒಪ್ಪಿ ಬಂದೆಯಂತೆ. ಆ ದಿನವನ್ನು ಸ್ವಲ್ಪ ಮುಂದಕ್ಕೆ ಹಾಕು. ಅವನು ಹೇಳಿದ್ದು ನಿಜವೇ ಇರಬಹುದು. ಆದರೆ ಬಾನೆಟ್ ಎತ್ತದೆ ಅದು ಅವನಿಗೂ ಗೊತ್ತಾಗುವ ವಿಷಯವಲ್ಲ.

ಹೀಟರನ್ನು ನೀನು ರೇಡಿಯೋ ಇದ್ದಂತೆ ಒಂದು ಬಿಡಿ ಸಾಮಾನು ಎಂದುಕೊಂಡಿದ್ದೀಯ ಎಂದು ನಿನ್ನ ಬರಹದಿಂದಲೇ ತಿಳಿಯುತ್ತದೆ. ಅದಕ್ಕೆ ಸ್ವಂತದ್ದೊಂದು ಒಲೆಯಿಲ್ಲ. ಇಂಜಿನ್ ಸುಡುವ ಇಂಧನದ ಶಾಖದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು, ಇಂಜಿನನ್ನು ತಣಿಸಲು ಒಳಗೆ ಸುತ್ತುವ ದ್ರವಕ್ಕೆ, ಅಂದರೆ ಕೂಲಂಟ್‌ಗೆ ಹೋಗುತ್ತದೆ. ಆ ಬಿಸಿ ಕೂಲಂಟಿನಲ್ಲಿ ಸ್ವಲ್ಪ ಭಾಗ ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ರೇಡಿಯೇಟರಿಗೆ ಹೋಗಿ ಮರಳುತ್ತದೆ. ಅದೇ ಹೀಟರ್ ಕೋರ್. ಬ್ಲೋವರ್ ಎಂಬ ಫ್ಯಾನ್ ಅದರ ಮೇಲೆ ಗಾಳಿ ಹಾಯಿಸುತ್ತದೆ, ಅಷ್ಟೆ. ಹಾಗಾಗಿ ತಣ್ಣನೆ ಗಾಳಿ ಎಂದರೆ ಎಷ್ಟೋ ಸಲ ಇಂಜಿನ್ ತನ್ನ ಕಷ್ಟವನ್ನು ನಿನ್ನ ಕಾಲಬುಡದಲ್ಲಿ ಹೇಳಿಕೊಳ್ಳುತ್ತಿದೆ ಎಂದರ್ಥ. ನನಗೆ ನಿನ್ನ ಚಳಿಗಿಂತ ಆ ಕಷ್ಟದ ಚಿಂತೆಯೇ ಹೆಚ್ಚು.

ಗಾಳಿಯೇ ಬಾರದಿದ್ದರೆ ಅದು ಬೇರೆ ಕಾಯಿಲೆ. ಕ್ಯಾಬಿನ್ ಫಿಲ್ಟರ್ ಕಸದಿಂದ ಕಟ್ಟಿರುತ್ತದೆ, ಇಲ್ಲವೇ ಬ್ಲೋವರ್ ಮೋಟಾರ್ ಸತ್ತಿರುತ್ತದೆ. ಫ್ಯಾನ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿ ಉಳಿದವುಗಳಲ್ಲಿ ಸುಮ್ಮನಿದ್ದರೆ ಹೆಚ್ಚಾಗಿ ಅದರ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರುತ್ತದೆ. ನಿನ್ನದು ಅದಲ್ಲ, ಬಿಡು. ಬ್ಯಾಟರಿಯಿಂದ ಓಡುವ ಗಾಡಿಗಳ ಹೀಟರಿನ ಕಥೆಯೂ ಬೇರೆಯೇ, ಅದೂ ಇಲ್ಲಿ ಬೇಡ.

ಮೊದಲು ಒಂದು ಪ್ರಶ್ನೆ, ನಗಬೇಡ. ಎಷ್ಟು ಹೊತ್ತು ಕಾದೆ? ಇಂಜಿನ್ ಬಿಸಿಯಾಗುವ ಮೊದಲು ಹೀಟರ್ ಏನನ್ನೂ ಕೊಡಲಾರದು. ಚಳಿಯ ಬೆಳಗ್ಗೆ ಹತ್ತು ಹದಿನೈದು ನಿಮಿಷವಾದರೂ ಗಾಡಿ ಓಡಬೇಕು. ಡೀಸೆಲ್ ಇಂಜಿನ್ ಇನ್ನೂ ಸೋಮಾರಿ. ನಿಂತಲ್ಲೇ ಇಂಜಿನ್ ಚಾಲೂ ಇಟ್ಟು ಕಾಯುವುದರಿಂದ ಬಿಸಿ ಬರುವುದು ಮತ್ತೂ ತಡವಾಗುತ್ತದೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಹಾಗೆ ಕಾಯುವುದಂತೂ ಪ್ರಾಣಕ್ಕೇ ಸಂಚಕಾರ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕಾದೂ ತಣ್ಣಗಿದ್ದರೆ ಮರುದಿನ ಬೆಳಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲಂಟ್ ಟ್ಯಾಂಕ್ ನೋಡು. ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಎರಡು ಗೆರೆ ಇರುತ್ತವೆ, ಮಟ್ಟ ಅವೆರಡರ ನಡುವೆ ಇರಬೇಕು. ಟ್ಯಾಂಕ್ ಬೇರೆ, ಮುಚ್ಚಳವಿರುವ ರೇಡಿಯೇಟರ್ ಬೇರೆ ಇರುವ ಗಾಡಿಯಾದರೆ ಟ್ಯಾಂಕನ್ನು ನಂಬಬೇಡ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಟ್ಯಾಂಕಿನಲ್ಲಿರುವುದು ರೇಡಿಯೇಟರಿಗೆ ವಾಪಸು ಹೋಗುವುದೇ ಇಲ್ಲ. ಟ್ಯಾಂಕ್ ತುಂಬಿರುತ್ತದೆ, ರೇಡಿಯೇಟರ್ ಬತ್ತಿರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಕಣ್ಣಾರೆ ನೋಡು.

‘ತಣ್ಣಗಿರುವಾಗ’ ಎಂಬ ಮಾತನ್ನು ನಾನು ಸುಮ್ಮನೆ ಬರೆದಿಲ್ಲ. ನನ್ನ ಎಡ ಮುಂಗೈ ಮೇಲಿನ ಕಲೆಯನ್ನು ನೀನು ಚಿಕ್ಕಂದಿನಲ್ಲಿ ಮುಟ್ಟಿ ಮುಟ್ಟಿ ಕೇಳುತ್ತಿದ್ದೆ, ಒಲೆಯ ಮುಂದೆ ಸುಟ್ಟುಕೊಂಡೆ ಎಂದು ಹೇಳಿದ್ದೆ. ಸುಳ್ಳು. ರಸ್ತೆಯ ಪಕ್ಕ ಆತುರಪಟ್ಟು ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದೆ. ಒಳಗೆ ಒತ್ತಡವಿರುವುದರಿಂದ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಒತ್ತಡ ಬಿಟ್ಟು, ಎಲ್ಲವೂ ಒಂದೇ ಸಲ ಕುದಿದು ಮುಖದ ಮೇಲೆ ಬರುತ್ತದೆ. ನನ್ನ ಪುಣ್ಯ, ಕೈ ಅಡ್ಡ ಬಂತು.

ಮಟ್ಟ ಕಡಿಮೆಯಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಕೂಲಂಟ್ ಇಳಿದಾಗ ಅದರ ಜಾಗಕ್ಕೆ ಗಾಳಿ ಬಂದು, ಎತ್ತರದಲ್ಲಿರುವ ಸಣ್ಣ ಕೊಳವೆಗಳಲ್ಲಿ ಗುಳ್ಳೆಯಾಗಿ ಕೂರುತ್ತದೆ. ಹೀಟರ್ ಕೋರ್ ಅದಕ್ಕೆ ಒಳ್ಳೆಯ ಆಸನ. ಇಂಜಿನ್ನಿಗೆ ಇನ್ನೂ ಏನೂ ಅನ್ನಿಸದಿರುವಾಗಲೇ ಹೀಟರ್ ತಣ್ಣಗಾಗುವುದು ಇದರಿಂದಲೇ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿಸಿದರೆ ಅದು ಈ ಗಾಳಿ. ಗಾಡಿ ಓಡುವಾಗ ಬಿಸಿ, ಸಿಗ್ನಲ್ಲಿನಲ್ಲಿ ನಿಂತರೆ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಬಿಸಿ ಎಂದಾದರೂ ಮೊದಲ ಗುಮಾನಿ ಇದರ ಮೇಲೆಯೇ, ಎರಡನೆಯದು ಕೂಲಂಟನ್ನು ಸುತ್ತಿಸುವ ವಾಟರ್ ಪಂಪ್ ಸೋತಿರುವುದರ ಮೇಲೆ.

ಸರಿಯಾದ ಕೂಲಂಟ್ ತುಂಬಿಸಿ ಗಾಳಿಯನ್ನು ಹೊರಹಾಕಿಸಬೇಕು. ಕೆಲವು ಗಾಡಿಗಳಲ್ಲಿ ಅದಕ್ಕೆಂದೇ ಒಂದು ಸ್ಕ್ರೂ ಇರುತ್ತದೆ. ಕೆಲವನ್ನು ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣನೆ ಇಂಜಿನ್ನಿನಿಂದ ಆರಂಭಿಸಿ ಮುಚ್ಚಳ ತೆರೆದಿಟ್ಟು ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ತುಂಬಿಸುತ್ತಾ ಹೋಗುತ್ತಾರೆ. ನಿನ್ನ ಗಾಡಿಗೆ ಯಾವುದು ಎಂದು ಅದರ ಕೈಪಿಡಿಯಲ್ಲಿ ಇರುತ್ತದೆ. ಕೂಲಂಟನ್ನು ಬಣ್ಣ ನೋಡಿ ಕೊಳ್ಳಬೇಡ. ಹಸಿರು, ಕೆಂಪು, ನೀಲಿ ಎಂಬುದು ಕಂಪನಿಗಳ ಇಷ್ಟ. ಜಾತಿ ಬೇರೆಯಾದ ಎರಡು ಕೂಲಂಟ್ ಬೆರೆತರೆ ಲೋಳೆಯಾಗಿ ಕಟ್ಟಿಕೊಳ್ಳುವುದುಂಟು. ನಲ್ಲಿಯ ನೀರು ಬೇಡ, ಅದರ ಸುಣ್ಣ ಒಳಗೆ ಪದರುಗಟ್ಟುತ್ತದೆ. ನೀರು ಬೆರೆಸದ ಗಟ್ಟಿ ಕೂಲಂಟನ್ನು ಬಟ್ಟಿ ಇಳಿಸಿದ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟದು.

ತುಂಬಿಸಿ ಬಿಸಿ ಗಾಳಿ ಬಂತೆಂದು ಸಂಭ್ರಮಿಸಬೇಡ. ಕೂಲಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ದಾರಿಯಲ್ಲಿ ಸುತ್ತುವಂಥದ್ದು. ಕಡಿಮೆಯಾಗಿದೆ ಎಂದರೆ ಎಲ್ಲೋ ಹೋಗಿದೆ. ಹೋಸ್‌ಗಳ ಕೀಲು, ವಾಟರ್ ಪಂಪಿನ ಕೆಳಗೆ, ರೇಡಿಯೇಟರಿನ ಅಂಚುಗಳಲ್ಲಿ ಒಣಗಿದ ಕಲೆ ಹುಡುಕು. ಹೊರಗೆಲ್ಲೂ ಸೋರದೆ ಮಟ್ಟ ಇಳಿಯುತ್ತಿದ್ದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಅಥವಾ ಇಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಗೂ ಮೈಗೂ ನಡುವೆ ಸೋರದಂತೆ ತಡೆಯುವ ಪದರ) ಹೋಗಿದೆ ಎಂಬ ಅನುಮಾನ ಇಟ್ಟುಕೊಂಡು ಗಾಡಿಯನ್ನು ಓಡಿಸುವುದನ್ನೇ ನಿಲ್ಲಿಸು.

ಸೋರುವ ಜಾಗಕ್ಕೆ ಡಬ್ಬಿಯಲ್ಲಿ ಸಿಗುವ ಸೀಲರ್ ಸುರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಒಮ್ಮೆ ಆ ಮಾತು ಕೇಳಿ ಸುರಿದೆ. ರೇಡಿಯೇಟರಿನ ಸಣ್ಣ ತೂತು ಮುಚ್ಚಿತು, ಅದರ ಜತೆಗೆ ಹೀಟರ್ ಕೋರಿನ ಅರ್ಧ ಕೊಳವೆಗಳೂ ಮುಚ್ಚಿದವು. ಆ ಚಳಿಗಾಲವನ್ನು ಕಂಬಳಿ ಹೊದ್ದು ಗಾಡಿ ಓಡಿಸಿ ಕಳೆದೆ. ಆ ಸೀಲರಿಗೆ ತೂತು ಯಾವುದು, ದಾರಿ ಯಾವುದು ಎಂಬ ವಿವೇಚನೆ ಇಲ್ಲ.

ಮಟ್ಟ ಸರಿಯಿದ್ದರೆ ಥರ್ಮೋಸ್ಟಾಟ್ ಕಡೆ ನೋಡು. ಒಳಗೆ ಮೇಣವಿರುವ ಪುಟ್ಟ ಬಾಗಿಲು ಅದು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಮೇಣ ಕರಗಿ ಹಿಗ್ಗಿದಾಗ ತೆರೆದುಕೊಂಡು ಕೂಲಂಟನ್ನು ರೇಡಿಯೇಟರಿಗೆ ಬಿಡುತ್ತದೆ. ತೆರೆದೇ ಸಿಕ್ಕಿಕೊಂಡರೆ ಕೂಲಂಟ್ ಬಿಸಿಯೇರುವ ಮೊದಲೇ ರೇಡಿಯೇಟರಿನಲ್ಲಿ ತಣಿದುಬಿಡುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಹೀಟರ್ ಪರವಾಗಿಲ್ಲ, ಹೆದ್ದಾರಿಗೆ ಬಂದೊಡನೆ ತಣ್ಣಗಾಗುತ್ತದೆ ಎಂದಾದರೆ ಇದೇ ಕಳ್ಳ. ಪರೀಕ್ಷೆ ಸುಲಭ. ತಣ್ಣನೆ ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಆಗಾಗ ಕೈಯಿಟ್ಟು ನೋಡು. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾಗಬೇಕು. ಮೊದಲಿಂದಲೂ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಬಾಗಿಲು ಮುಚ್ಚುತ್ತಿಲ್ಲ. ಮೀಟರಿನ ಮುಳ್ಳನ್ನು ಮಾತ್ರ ಪೂರ್ತಿ ನಂಬಬೇಡ. ಈಚಿನ ಎಷ್ಟೋ ಗಾಡಿಗಳಲ್ಲಿ ಶಾಖ ಸಾಕಷ್ಟು ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ನಾವು ಗಾಬರಿಯಾಗದಿರಲಿ ಎಂದು. ನಿಜವಾದ ಅಂಕಿ ಬೇಕಾದರೆ ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿ ನೋಡಬೇಕು. ಅದು ‘ಪಿ 0128’ ಎಂಬ ಸಂಕೇತ ತೋರಿಸಿದರೆ ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂದರ್ಥ.

ಹಾಗೆಂದು ಕೂಡಲೇ ಹೊಸ ಥರ್ಮೋಸ್ಟಾಟ್ ತರಬೇಡ. ನನ್ನ ಮೊದಲ ಗಾಡಿಗೆ ನಾನು ಒಂದೇ ತಿಂಗಳಲ್ಲಿ ಎರಡು ಹಾಕಿಸಿದ್ದೆ. ಎರಡನೆಯದೂ ಕೆಟ್ಟದ್ದೇ ಬಂತು ಎಂದು ಅಂಗಡಿಯವನೊಂದಿಗೆ ಜಗಳವನ್ನೂ ಆಡಿದೆ. ಕೊನೆಗೆ ನೋಡಿದರೆ ಕೂಲಂಟ್ ಒಂದೂವರೆ ಲೀಟರ್ ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಅದೂ ಎರಡೆರಡು ಸಲ.

ಈಗ ನಿನ್ನ ಮೆಕ್ಯಾನಿಕ್ ಮಾಡಬೇಕಿದ್ದ, ಮಾಡದೇ ಬಿಟ್ಟ ಕೆಲಸ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯೊಳಗೆ ಹೊಕ್ಕುವ ಎರಡು ಹೋಸ್ ಅಕ್ಕಪಕ್ಕ ಕಾಣುತ್ತವೆ. ಗಾಡಿಯನ್ನು ಚೆನ್ನಾಗಿ ಓಡಿಸಿ ಬಂದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅವೆರಡನ್ನೂ ಮುಟ್ಟಬೇಕು. ದಪ್ಪ ಕೈಗವಸು ಹಾಕಿಕೋ, ಒಂದು ಕ್ಷಣಕ್ಕಿಂತ ಹೆಚ್ಚು ಹಿಡಿಯಬೇಡ. ಸಡಿಲ ತೋಳು, ಶಾಲು, ಬಿಟ್ಟ ಜಡೆ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ಇಂಜಿನ್ ಆರಿಸಿದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು ಎಂಬುದು ನೆನಪಿರಲಿ.

ಎರಡೂ ಬಿಸಿಯಿದ್ದರೆ ಕೋರಿಗೆ ಶಾಖ ತಲುಪುತ್ತಿದೆ, ತಪ್ಪು ಕ್ಯಾಬಿನ್ನಿನ ಒಳಗಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ದಾರಿಯಲ್ಲಿ ವಾಲ್ವ್ ಇರುವ ಗಾಡಿಯಾದರೆ ಅದು ತೆರೆಯುತ್ತಿಲ್ಲ. ಎರಡೂ ತಣ್ಣಗಿದ್ದರೆ ಬಿಸಿ ಕೂಲಂಟ್ ಅಲ್ಲಿಯವರೆಗೆ ಬರುತ್ತಲೇ ಇಲ್ಲ, ನಾನು ಮೇಲೆ ಬರೆದದ್ದನ್ನೆಲ್ಲ ಮತ್ತೊಮ್ಮೆ ಓದು. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದರಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಹೇಳುವುದು ಬೇರೊಂದಿಲ್ಲ.

ಕ್ಯಾಬಿನ್ನಿನ ಒಳಗಿನ ತಪ್ಪೆಂದರೆ ಹೆಚ್ಚಾಗಿ ಬ್ಲೆಂಡ್ ಡೋರ್. ಗಾಳಿ ಕೋರಿನ ಮೂಲಕ ಹಾಯಬೇಕೋ ಪಕ್ಕದಿಂದ ನುಸುಳಬೇಕೋ ಎಂದು ನಿರ್ಧರಿಸುವ ಪ್ಲಾಸ್ಟಿಕ್ ರೆಕ್ಕೆ ಅದು. ಹಳೆಯ ಗಾಡಿಗಳಲ್ಲಿ ಕೇಬಲ್ ಎಳೆಯುತ್ತದೆ, ಹೊಸವುಗಳಲ್ಲಿ ಪುಟ್ಟ ಮೋಟಾರ್ ಇರುವ ಆಕ್ಚುವೇಟರ್. ರೇಡಿಯೋ ಆರಿಸಿ, ಫ್ಯಾನ್ ತಗ್ಗಿಸಿ, ಗುಂಡಿಯನ್ನು ತಣ್ಣಗಿನಿಂದ ಬಿಸಿಗೆ ತಿರುಗಿಸಿ ಕಿವಿಗೊಡು. ಟಿಕ್ ಟಿಕ್ ಎಂದು ಹಲ್ಲು ಕಡಿದಂತೆ ಕೇಳಿದರೆ ಆಕ್ಚುವೇಟರಿನ ಗಿಯರ್ ಹಲ್ಲು ಮುರಿದಿದೆ. ಅದು ಸಣ್ಣ ಭಾಗ. ಕೆಲವು ಗಾಡಿಗಳಲ್ಲಿ ಕಾಲಿಡುವ ಜಾಗದಿಂದಲೇ ಬದಲಿಸಬಹುದು. ಇದಕ್ಕಾಗಿ ಕೋರ್ ಬದಲಿಸಿದರೆ ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ ಎಂದಾಗುತ್ತದೆ.

ಕೋರ್ ಕಟ್ಟಿಕೊಂಡಿದ್ದರೂ ಮೊದಲ ಮದ್ದು ಬದಲಿಸುವುದಲ್ಲ. ಎರಡೂ ಹೋಸ್ ಕಳಚಿ, ಕೂಲಂಟ್ ಹೊರಬರುವ ಕಡೆಯಿಂದ ಕಡಿಮೆ ಒತ್ತಡದಲ್ಲಿ ನೀರು ಬಿಟ್ಟು ಹಿಮ್ಮುಖವಾಗಿ ತೊಳೆಯುತ್ತಾರೆ. ತುಕ್ಕು ಬಣ್ಣದ ಕೆಸರು ಬಂದು ಆಮೇಲೆ ತಿಳಿಯಾಗುತ್ತದೆ. ಒತ್ತಡ ಹೆಚ್ಚಾದರೆ ಹಳೆಯ ಕೋರ್ ಒಡೆದೇ ಹೋಗುತ್ತದೆ, ಜಾಗ್ರತೆ ಎಂದು ಹೇಳು.

ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾದ ಸಂದರ್ಭವೂ ಇದೆ, ಅದನ್ನು ನಿನ್ನ ಮೂಗೇ ಹೇಳುತ್ತದೆ. ಹೀಟರ್ ಹಾಕಿದಾಗ ಸಿಹಿಯಾದ ವಾಸನೆ, ಗಾಜಿನ ಒಳಮೈ ಮೇಲೆ ಒರೆಸಿದಷ್ಟೂ ಅಂಟುವ ಜಿಡ್ಡಿನ ಮಂಜು, ಕಾಲಡಿಯ ಕಾರ್ಪೆಟ್ಟಿನಲ್ಲಿ ಒದ್ದೆ. ಇವು ಕಂಡರೆ ಕೋರ್ ಸೋರುತ್ತಿದೆ, ಮೆಕ್ಯಾನಿಕ್ ಸರಿ. ನಿನ್ನ ಪತ್ರದಲ್ಲಿ ಇವುಗಳ ಸುಳಿವಿಲ್ಲ.

ಇನ್ನೊಂದು ಮಾತು, ಇದನ್ನು ಮಾತ್ರ ಎರಡು ಸಲ ಓದು. ದಾರಿಯಲ್ಲಿ ಮೀಟರಿನ ಮುಳ್ಳು ಕೆಂಪಿನತ್ತ ಏರುತ್ತಿದ್ದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿದರೆ ಇಂಜಿನ್ನಿನ ಸ್ವಲ್ಪ ಶಾಖ ಅಲ್ಲಿಂದ ಇಳಿಯುತ್ತದೆ, ಪಕ್ಕಕ್ಕೆ ನಿಲ್ಲಿಸುವಷ್ಟು ಸಮಯ ಸಿಗುತ್ತದೆ. ಆದರೆ ಮುಳ್ಳು ಕೆಂಪಿನಲ್ಲಿದ್ದು ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಸುತ್ತಲು ಕೂಲಂಟೇ ಇಲ್ಲ, ಅಥವಾ ಪಂಪ್ ನಿಂತಿದೆ. ಆಗ ‘ಮುಂದಿನ ತಿರುವಿನವರೆಗೆ’ ಎಂಬ ಲೆಕ್ಕ ಬೇಡ. ಸುರಕ್ಷಿತವಾಗಿ ನಿಲ್ಲಿಸಿ ಇಂಜಿನ್ ಆರಿಸು. ಬಾನೆಟ್ ಎತ್ತಿದರೂ ಮುಚ್ಚಳ ಮುಟ್ಟಬೇಡ. ನನ್ನ ಮುಂಗೈ ನೆನೆಸಿಕೋ.

ರಿಪೇರಿ ಆಗುವವರೆಗೆ ಗಾಜಿನ ಮಂಜಿನದು ಯೋಚನೆ. ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸು, ಹೊರಗಿನ ಗಾಳಿ ಒಳಬರುವಂತೆ ಇಡು. ಎಸಿ ಗಾಳಿಯ ತೇವ ಹೀರುವುದರಿಂದ ಬಿಸಿಯಿಲ್ಲದೆಯೂ ಒಂದಿಷ್ಟು ತಿಳಿಯಾಗುತ್ತದೆ. ಹೊರಗೆ ಹೆಪ್ಪುಗಟ್ಟುವ ಚಳಿಯಿದ್ದರೆ ಎಸಿ ಕೆಲಸಕ್ಕೆ ಬಾರದಿರಬಹುದು. ಗಾಜು ಕಾಣದಿದ್ದರೆ ಗಾಡಿ ತೆಗೆಯಬೇಡ.

ಬೆಳಗ್ಗೆ ಕಂಡ ಕೂಲಂಟ್ ಮಟ್ಟ, ಮೇಲಿನ ಹೋಸ್ ಬಿಸಿಯಾದ ರೀತಿ, ಗೋಡೆಯ ಹತ್ತಿರದ ಎರಡು ಹೋಸ್‌ಗಳಲ್ಲಿ ಯಾವುದು ಬಿಸಿ ಯಾವುದು ತಣ್ಣಗೆ, ಇಷ್ಟನ್ನು ಬರೆದು ಕಳಿಸು. ಕ್ಷೇಮಸಮಾಚಾರವನ್ನೂ ಈ ಸಲ ನಾಲ್ಕು ಸಾಲಿಗೆ ಏರಿಸು.

ಇಂತಿ,
ನಿನ್ನ ದೊಡ್ಡಮ್ಮ

ವಿ.ಸೂ.: ಕೂಲಂಟ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು, ಚಿಕ್ಕ ಮಕ್ಕಳು ನೆಕ್ಕಿಬಿಡುತ್ತಾರೆ. ಕೆಳಗೆ ಚೆಲ್ಲಿದ್ದನ್ನು ಆಗಲೇ ಒರೆಸಿ ನೀರು ಹಾಕಿ ತೊಳೆ, ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡ.