ವಿಡಿಯೋ ಕನ್ಸಲ್ಟೇಶನ್ ಆ್ಯಪ್‌ನ ತೊಂದರೆಗಳ ಬಗ್ಗೆ ದೂರು

ಬೆಂಗಳೂರು
18-5-2021

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ರಾಜಾಜಿನಗರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್. ಹೋಮ್ ಐಸೋಲೇಶನ್‌ನಲ್ಲಿರುವ ಕೋವಿಡ್ ರೋಗಿಗಳನ್ನು ಏಪ್ರಿಲ್‌ನಿಂದ ನಿಮ್ಮ ಆ್ಯಪ್‌ನಲ್ಲೇ ನೋಡುತ್ತಿದ್ದೇನೆ. ದಿನಕ್ಕೆ 30-35 ಜನ. ಈ ಮುಂಚೆ ಎರಡು ಸಲ ದೂರು ಹಾಕಿದ್ದೆ. ಎರಡು ಸಲವೂ ‘ಇಂಟರ್ನೆಟ್ ಚೆಕ್ ಮಾಡಿ’ ಅಂತ ಉತ್ತರ ಬಂತು. ಇಂಟರ್ನೆಟ್ ಚೆನ್ನಾಗಿಯೇ ಇದೆ. ತೊಂದರೆ ಆ್ಯಪ್‌ನಲ್ಲಿದೆ.

ಹೋದ ಗುರುವಾರ ರಾತ್ರಿ ಆದದ್ದು ಕೇಳಿ. ಶ್ರೀರಾಮಪುರದ ಒಬ್ಬ ಅಜ್ಜಿ, ರೂಮಿನಲ್ಲಿ ಒಬ್ಬರೇ. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟುಕೊಂಡಿದ್ದರು. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದ ಬೆರಳನ್ನು ಕ್ಯಾಮೆರಾ ಮುಂದೆ ಹಿಡಿದರು. ಮಸುಕು ಚಿತ್ರದಲ್ಲಿ 98 ಕಂಡಿತು. ಸದ್ಯ, ಅಂದುಕೊಂಡೆ. ಆದರೆ ‘ಊಟ ಆಯ್ತು ಕಣಪ್ಪ’ ಅನ್ನೋ ಮೂರು ಮಾತಿಗೆ ಎರಡು ಸಲ ಉಸಿರು ಎಳೆದುಕೊಂಡರು. ಇನ್ನೊಮ್ಮೆ ತೋರಿಸಿ ಅಂದೆ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ನನ್ನ ಸ್ವಂತ ಫೋನಿನಿಂದ ಅವರ ಸೊಸೆಗೆ ಕರೆ ಮಾಡಿದೆ. ಆಕೆ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಓದಿ ಹೇಳಿದರು: 86. ಅಜ್ಜಿ ಮೀಟರನ್ನು ತಲೆಕೆಳಗಾಗಿ ಹಿಡಿದಿದ್ದರು. 86 ತಲೆಕೆಳಗಾದರೆ 98 ಆಗುತ್ತದೆ, ಬರೆದು ತಿರುಗಿಸಿ ನೋಡಿ. 94ಕ್ಕಿಂತ ಕೆಳಗಿಳಿದರೇ ನಾವು ಎಚ್ಚರವಾಗಬೇಕು. ಇದು 86. ಪುಣ್ಯಕ್ಕೆ ಬೆಳಗಿನ ಜಾವ ಬೆಡ್ ಸಿಕ್ಕಿತು.

ನಿಮ್ಮ ಆ್ಯಪ್‌ನಲ್ಲಿ ಒಂದು ಸ್ಟಿಲ್ ಫೋಟೋ ತೆಗೆಯುವ ಬಟನ್ ಇದ್ದಿದ್ದರೆ ಸಾಕಿತ್ತು. ವಿಡಿಯೋ ನಿಂತ ಕೂಡಲೇ ಆಡಿಯೋಗೆ ಹೋಗುವ ದಾರಿಯೂ ಇಲ್ಲ. ಕಾಲ್ ಕಟ್ ಮಾಡಿ, ಮತ್ತೆ ಲಿಂಕ್ ಕಳಿಸಿ, ಅವರು ಮತ್ತೆ ಓಟಿಪಿ ಹಾಕಬೇಕು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವಿಡಿಯೋ, ಆಡಿಯೋ, ಮೆಸೇಜ್ ಮೂರಕ್ಕೂ ಒಪ್ಪಿದೆ. ನಿಯಮವೇ ಬಿಟ್ಟಿರುವಾಗ ಆ್ಯಪ್ ಯಾಕೆ ತಡೆಯಬೇಕು?

ನನಗೆ ಇನ್ನೂ ಜಾಸ್ತಿ ನೋವು ಕೊಡುವುದು ಪ್ರಿಸ್ಕ್ರಿಪ್ಷನ್ ಪುಟ. ಅದನ್ನು ತೆರೆದರೆ ರೋಗಿಯ ಮುಖವೇ ಕಾಣುವುದಿಲ್ಲ. ಕೈಯಲ್ಲಿ ಸ್ಟೆತಾಸ್ಕೋಪ್ ಇಲ್ಲದ ನನಗೆ ಆ ಮುಖ, ಆ ಉಸಿರು ಇಷ್ಟೇ ಅಲ್ವಾ ಆಧಾರ? ಟೈಪ್ ಮಾಡುವಾಗಲೂ ಅವರು ಕಣ್ಣಿಗೆ ಬೀಳುತ್ತಿರಬೇಕು.

ರೋಗಿಗಳಿಗೆ ಹೋಗುವ ಮೆಸೇಜ್ ಬರೀ ಇಂಗ್ಲಿಷ್‌ನಲ್ಲಿದೆ. ಎಷ್ಟೋ ಜನ ಅದನ್ನು ಬ್ಯಾಂಕಿನ ಮೋಸದ ಮೆಸೇಜ್ ಅಂದುಕೊಂಡು ಅಳಿಸಿಬಿಡುತ್ತಾರೆ. ಕನ್ನಡದಲ್ಲಿ ಎರಡು ಸಾಲು ಸಾಕು. ನಮ್ಮ ಕಡೆ ತಮಿಳು, ಉರ್ದು ಕೂಡ ಬೇಕು.

ಫೋಟೋ ಬಟನ್ ಮತ್ತು ಆಡಿಯೋ, ಇವೆರಡನ್ನು ಈ ವಾರದಲ್ಲೇ ಮಾಡಿಕೊಡಿ. ಉಳಿದದ್ದಕ್ಕೆ ತಾರೀಕು ತಿಳಿಸಿ. ಆ್ಯಪ್ ಮಾಡಿದವರಲ್ಲಿ ಒಬ್ಬರು ಮಧ್ಯಾಹ್ನ 3 ಗಂಟೆ ಮೇಲೆ ನನಗೆ ಫೋನ್ ಮಾಡಲಿ. ಆಗ ರೋಗಿಗಳು ಕಡಿಮೆ, ಒಂದೊಂದನ್ನೂ ಸ್ಕ್ರೀನ್ ಮೇಲೇ ತೋರಿಸುತ್ತೇನೆ.

ಇಂತಿ,
ಡ್ಯೂಟಿ ಡಾಕ್ಟರ್, ರಾಜಾಜಿನಗರ