ಅಜ್ಜಿ ಕೇಳಿದ್ದಕ್ಕೆ ಉತ್ತರ

ಹಮಾಮಾತ್ಸು, ಜಪಾನ್
ಆಗಸ್ಟ್ ಕೊನೆಯ ವಾರ

ಅಜ್ಜಿಗೆ, ಅಪ್ಪ ಅಮ್ಮನಿಗೆ ನಮಸ್ಕಾರ. ಪುಟ್ಟನಿಗೆ ಬೆನ್ನಿಗೊಂದು ಗುದ್ದು. ನಾನಿಲ್ಲಿ ಚೆನ್ನಾಗಿದ್ದೇನೆ. ನಾನಿರುವ ಮನೆಯವರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಊಟದ ಚಿಂತೆ ಬೇಡ.

ಫೋನಿನಲ್ಲಿ ಹೇಳಿದರೆ ಅರ್ಧ ಮಾತನ್ನು ಪುಟ್ಟನೇ ನುಂಗಿಬಿಡುತ್ತಾನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಕಳಿಸಿದ, ಇಲ್ಲಿನ ನಮ್ಮ ಶಾಲೆಯ ಬ್ಯಾಂಡಿನ ರೆಕಾರ್ಡಿಂಗ್ ಕೇಳಿ ಅಜ್ಜಿ, "ಎಲ್ಲ ಸರಿ, ನಮ್ಮ ಹುಡುಗಿ ಎಲ್ಲಿ ನುಡಿಸಿದಳು? ಅವಳದ್ದು ಕೇಳಿಸಲೇ ಇಲ್ವಲ್ಲ" ಅಂದರಂತೆ. ಅದಕ್ಕೆ ಉತ್ತರ ಕೊಡದೆ ನನಗೆ ಸಮಾಧಾನವಿಲ್ಲ.

ಅದಕ್ಕೆ ಮುಂಚೆ ಅಮ್ಮನ ವಿಷಯ. ಅಮ್ಮ, ಬ್ಯಾಂಡ್ ಸ್ಪರ್ಧೆಯಲ್ಲಿ ನಮಗೆ ಗೋಲ್ಡ್ ಬಂತು ಅಂದಿದ್ದೇ ತಡ, ಫಸ್ಟ್ ಪ್ರೈಜ್ ಅಂತ ನೀನು ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದೆಯಂತೆ. ಇಲ್ಲಿ ಗೋಲ್ಡ್ ಅಂದರೆ ಫಸ್ಟ್ ಅಲ್ಲ ಕಣಮ್ಮ. ಸ್ಪರ್ಧೆಯಲ್ಲಿ ನುಡಿಸಿದ ಶಾಲೆಗೆಲ್ಲ ಚಿನ್ನ, ಬೆಳ್ಳಿ, ಕಂಚು ಮೂರರಲ್ಲಿ ಒಂದನ್ನು ಕೊಡುತ್ತಾರೆ. ನಮ್ಮ ಕಡೆ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಂತಾರಲ್ಲ, ಹಾಗೆ. ಚಿನ್ನ ಬಂದವರಲ್ಲಿ ಕೆಲವರನ್ನು ಮಾತ್ರ ಮುಂದಿನ ಸುತ್ತಿಗೆ ಆರಿಸುತ್ತಾರೆ. ನಾವು ಶಿಜುವೊಕಾ ಪ್ರಾಂತ್ಯದ ಸುತ್ತಿನವರೆಗೆ ಹೋದೆವು. ಅದು ದಾಟಿದರೆ ತೋಕಾಯ್ ವಲಯ, ಅದನ್ನೂ ದಾಟಿದರೆ ಅಕ್ಟೋಬರ್‌ನಲ್ಲಿ ರಾಷ್ಟ್ರಮಟ್ಟ. ನಮಗೆ ಚಿನ್ನ ಬಂತು, ಆದರೆ ಮುಂದೆ ಹೋಗುವವರ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಹಂಚಿದ ಮೈಸೂರು ಪಾಕ್ ವಾಪಸ್ ಕೇಳೋಕಾಗಲ್ಲ, ಬಿಡು.

ಈ ಸ್ಪರ್ಧೆ 1940ರಲ್ಲಿ ಶುರುವಾದದ್ದು. ಯುದ್ಧ ಬಂದು ನಿಂತುಹೋಗಿ, 1956ರಲ್ಲಿ ಮತ್ತೆ ಆರಂಭವಾಯಿತು. ಹೈಸ್ಕೂಲಿನ ದೊಡ್ಡ ವಿಭಾಗದಲ್ಲಿ ಒಂದು ಬ್ಯಾಂಡಿಗೆ 55 ಜನ ಮೀರುವಂತಿಲ್ಲ. ನುಡಿಸಬೇಕಾದದ್ದು ಎರಡು. ಒಂದು, ಆ ವರ್ಷಕ್ಕೆ ಅವರೇ ಕೊಟ್ಟ ಪಟ್ಟಿಯಿಂದ ಆರಿಸಿಕೊಂಡದ್ದು. ಇನ್ನೊಂದು ನಮ್ಮ ಇಷ್ಟದ್ದು. ಎರಡೂ ಸೇರಿ, ನಡುವಿನ ಪುಟ ತಿರುಗಿಸುವ ಹೊತ್ತೂ ಸೇರಿ, 12 ನಿಮಿಷ. ಮೀರಿದರೆ ಎಷ್ಟೇ ಚೆನ್ನಾಗಿ ನುಡಿಸಿದ್ದರೂ ಲೆಕ್ಕಕ್ಕಿಲ್ಲ. ಅಜ್ಜಿ, ನಿಮ್ಮ ಸಂಗೀತ ಕಚೇರಿಗಳಲ್ಲಿ ಆಲಾಪನೆಗೇ ಅಷ್ಟು ಹೊತ್ತು ಬೇಕಿತ್ತು, ಅಲ್ವಾ? ಇಲ್ಲಿ ಆ 12 ನಿಮಿಷಕ್ಕೆ ಏಪ್ರಿಲ್‌ನಿಂದ ತಯಾರಿ. ಭಾನುವಾರವೂ ಬಿಡುವಿಲ್ಲ. ಸ್ವಲ್ಪ ಅತಿಯಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಜುಲೈನಲ್ಲಿ ಇನ್ನೊಂದು ಕೆಲಸ ಬೇರೆ. ಶಾಲೆಗಳ ಬೇಸ್‌ಬಾಲ್ ಪಂದ್ಯಗಳು ಅದೇ ಹೊತ್ತಿಗೆ ಬರುತ್ತವೆ. ಬ್ಯಾಂಡ್‌ನವರು ಸುಡುಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತು ಹುರಿದುಂಬಿಸಬೇಕು. ನಾನು ಊದುವ ವಾದ್ಯ ಕ್ಲಾರಿನೆಟ್. ಮರದ್ದಾದರೆ ಬಿಸಿಲಿಗೆ ಸೀಳುತ್ತದೆ ಅಂತ ಅವತ್ತಿಗೆ ಪ್ಲಾಸ್ಟಿಕ್‌ನದು ಕೊಡುತ್ತಾರೆ. ನಮ್ಮ ತಂಡ ಬೇಗ ಸೋತಿತು. ಬ್ಯಾಂಡ್‌ನವರೆಲ್ಲ ಬಾಯಲ್ಲಿ ಅಯ್ಯೋ ಅಂದೆವು. ಮನಸ್ಸಲ್ಲಿ ಏನಂದುಕೊಂಡೆವು ಅಂತ ಬರೆಯಲ್ಲ.

ಅಪ್ಪಾ, ಇದು ನಿಮಗೆ. ನಾನು ನುಡಿಸುವ ಕ್ಲಾರಿನೆಟ್ ಶಾಲೆಯದು, ಯಮಹಾ. ನೀವು ಮಾರಲು ಒಪ್ಪದ ಆರ್‌ಎಕ್ಸ್ 100 ಬೈಕಿನ ಅದೇ ಯಮಹಾ. ಇದೇ ಊರಿನ ಒಂದು ಶಾಲೆಯಲ್ಲಿ 1887ರಲ್ಲಿ ಕೆಟ್ಟುಹೋಗಿದ್ದ ಆರ್ಗನ್ ವಾದ್ಯ ಒಂದನ್ನು ರಿಪೇರಿ ಮಾಡಲು ತೊರಾಕುಸು ಯಮಹಾ ಅನ್ನುವವರನ್ನು ಕರೆಸಿದರಂತೆ. ಅಲ್ಲಿಂದ ಶುರು. ಮೋಟಾರ್‌ಸೈಕಲ್ ಕಂಪನಿ ಬೇರೆಯಾದದ್ದು 1955ರಲ್ಲಿ. ಯಮಹಾ ಗುರುತಿನಲ್ಲಿರುವ ಮೂರು ಕಡ್ಡಿಗಳು ಟ್ಯೂನಿಂಗ್ ಫೋರ್ಕ್‌ಗಳು, ಅಂದರೆ ಶ್ರುತಿ ನೋಡುವ ಕವಲುಕಡ್ಡಿಗಳು. ನಾನು ಇಷ್ಟು ವರ್ಷ ಅವು ಎಂಜಿನ್ನಿನ ಯಾವುದೋ ಭಾಗ ಅಂದುಕೊಂಡಿದ್ದೆ.

ಈಗ ಅಜ್ಜಿಯ ಪ್ರಶ್ನೆ.

ಅಜ್ಜಿ, ಮೈಸೂರಲ್ಲಿ ನಮ್ಮ ಶಾಲೆಯ ಬ್ಯಾಂಡಿನಲ್ಲಿ ಮೂರು ಕ್ಲಾರಿನೆಟ್ ಇದ್ದವು. ಮೂವರೂ ಒಂದೇ ಟ್ಯೂನ್ ನುಡಿಸುತ್ತಿದ್ದೆವು. ಯಾರು ಜೋರಾಗಿ ಊದುತ್ತಾರೋ ಅವರೇ ಗೆದ್ದ ಹಾಗೆ. ಇಲ್ಲಿ ಕ್ಲಾರಿನೆಟ್‌ನಲ್ಲೇ ಒಂದನೆಯದು, ಎರಡನೆಯದು, ಮೂರನೆಯದು ಅಂತ ಬೇರೆ ಬೇರೆ ಪಾರ್ಟ್. ನನ್ನದು ಮೂರನೆಯದು. ಮೊದಲ ದಿನ ಆ ಹಾಳೆ ಕೈಗೆ ಬಂದಾಗ ಮುಖ ಸಣ್ಣದಾಯಿತು. ಉದ್ದುದ್ದ ಒಂದೇ ಸ್ವರ, ಮಧ್ಯೆ ಮಧ್ಯೆ ಸುಮ್ನೆ ಕೂರುವುದು, ಮತ್ತೆ ಅದೇ ಸ್ವರ. ಮನೆಗೆ ಬಂದು ಒಬ್ಬಳೇ ನುಡಿಸಿದರೆ ಅದು ಹಾಡೇ ಅಲ್ಲ. ಪಕ್ಕದ ಕೋಣೆಯ ಪುಟ್ಟ ಹುಡುಗ ಬಂದು, ಕೆಟ್ಟಿದೆಯಾ ಅಂತ ಕೇಳಿದ.

ಬ್ಯಾಂಡ್ ಮೇಷ್ಟ್ರು ದಿನಾ ಮೊದಲು ಮಾಡಿಸುವುದು ಶ್ರುತಿ ಸೇರಿಸುವ ಕೆಲಸ. ಎಲ್ಲರಿಗೂ ಬಿ ಫ್ಲ್ಯಾಟ್ ಅನ್ನುವ ಸ್ವರ, ನಮ್ಮ ಶ್ರುತಿಯ ಲೆಕ್ಕದಲ್ಲಿ ಆರೂವರೆ ಮನೆ. ನಿಮ್ಮ ಐದೂವರೆ ಶ್ರುತಿ ಇಲ್ಲಿ ಯಾರಿಗೂ ಬೇಡ. ಮೇಷ್ಟ್ರ ಹತ್ತಿರ ಒಂದು ಕೀಬೋರ್ಡ್ ಇದೆ. ಒಂದು ಗುಂಡಿ ಒತ್ತಿದರೆ ಪಿಯಾನೋ ಶ್ರುತಿ, ಇನ್ನೊಂದು ಒತ್ತಿದರೆ ಶುದ್ಧ ಶ್ರುತಿ. ಮೊದಲು ಷಡ್ಜ, ಅಂದರೆ ಸ ಹಿಡಿಯುವವರು ಊದುತ್ತಾರೆ. ಅದರ ಮೇಲೆ ಪಂಚಮ, ಅಂದರೆ ಪ ಕೂರುತ್ತದೆ. ಆಮೇಲೆ ಗಾಂಧಾರದವರು, ಅಂದರೆ ಗ ಹಿಡಿಯುವವರು. ಆಗ ಮೇಷ್ಟ್ರು ಬೆರಳನ್ನು ಸ್ವಲ್ಪವೇ ಕೆಳಗೆ ತೋರಿಸುತ್ತಾರೆ. ಇಳಿಸಿ, ಇನ್ನೂ ಒಂದು ಚೂರು ಇಳಿಸಿ. ಪಿಯಾನೋದ ಗಾಂಧಾರ ಹೆಚ್ಚಾಗಿರುತ್ತದೆ. ಮೂರೂ ಬೆರೆಯಬೇಕಾದರೆ ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕಿರುವ ದೂರದ ಏಳನೇ ಒಂದು ಭಾಗದಷ್ಟು ಇಳಿಯಬೇಕು. ತುಟಿ ಕೊಂಚ ಸಡಿಲ ಬಿಟ್ಟರೆ ಕ್ಲಾರಿನೆಟ್ ಅಷ್ಟು ಇಳಿಯುತ್ತದೆ.

ಉಳಿದವರು ಶ್ರುತಿ ತೋರಿಸುವ ಮೀಟರ್ ನೋಡಿಕೊಂಡು ಹುಡುಕುತ್ತಿದ್ದರು. ನನಗೆ ಅದು ಗೊತ್ತಿತ್ತು. ನೀವು ತಂಬೂರಿಯ ತಂತಿ ಕೆಳಗಿನ ಜೀವಾಳಿ ದಾರ ಸರಿಮಾಡಿ, "ಈಗ ಕೇಳು, ಯಾರೂ ಮೀಟದೆ ಗಾಂಧಾರ ಬರುತ್ತೆ" ಅಂತಿದ್ದಿರಲ್ಲ, ಅದೇ ಅಂತರ ಗಾಂಧಾರ. ಚಿಕ್ಕವಳಿದ್ದಾಗ ನನಗದು ಕೇಳಿಸುತ್ತಲೇ ಇರಲಿಲ್ಲ. ನೀವು ಬೈತೀರಿ ಅಂತ ಕೇಳಿಸಿತು ಅಂತಿದ್ದೆ. ಆಮೇಲೆ ಯಾವಾಗಲೋ ನಿಜಕ್ಕೂ ಕೇಳಿಸತೊಡಗಿತು. ಇಲ್ಲಿ ತುಟಿ ಸಡಿಲಿಸಿ ಅದನ್ನು ಹುಡುಕಿಕೊಂಡು ಹೋದೆ. ಸಿಕ್ಕಿದ ಕೂಡಲೇ ಸ್ವರಗಳ ಮಧ್ಯೆ ಕೇಳುತ್ತಿದ್ದ ಗುಂಯ್ ಗುಂಯ್ ಅನ್ನುವ ಅಲುಗಾಟ ನಿಂತಿತು. ಇಡೀ ಕೋಣೆ ಒಂದೇ ವಾದ್ಯ ನುಡಿದ ಹಾಗಾಯಿತು. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, ಇದನ್ನು ಎಲ್ಲಿ ಕಲಿತೆ ಅಂತ ಕೇಳಿದರು. ನನ್ನ ಅರೆಬರೆ ಜಪಾನಿಯಲ್ಲಿ ತಂಬೂರಿ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಜೊತೆಗೆ ನಮ್ಮ ಜಯಚಾಮರಾಜೇಂದ್ರ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು ಅಂತಲೂ ಹೇಳಿಬಿಟ್ಟೆ. ಊರಿನ ಮರ್ಯಾದೆ ಪ್ರಶ್ನೆ!

ನಾನು ಕಳಿಸಿದ್ದು ಶಾಲೆಯಲ್ಲಿ ಮಾಡಿಕೊಂಡ ರೆಕಾರ್ಡಿಂಗ್, ಹಾಲ್‌ನಲ್ಲಿ ರೆಕಾರ್ಡ್ ಮಾಡುವಂತಿಲ್ಲ. ಎರಡನೆಯ ಹಾಡಿನ ಮಧ್ಯೆ ಡ್ರಮ್ಮು, ತುತ್ತೂರಿ ಎಲ್ಲ ನಿಂತು ತುಂಬ ಮೆಲ್ಲಗಾಗುವ ಜಾಗವಿದೆ. ಕೊಳಲಿನವಳು ಒಬ್ಬಳೇ ಹಾಡುತ್ತಾಳೆ. ಅವಳ ಕೆಳಗೆ ಹಾಸಿದ ಹಾಗೆ ಒಂದು ನಾದ ಇದೆಯಲ್ಲ, ಅದರ ಗಾಂಧಾರ ನಾವು ಮೂರನೇ ಕ್ಲಾರಿನೆಟ್‌ನವರು. ಅಲ್ಲಿ ನನ್ನ ದನಿ ಬೇರೆಯಾಗಿ ಕೇಳಿಸಿದ್ದರೆ ಮೇಷ್ಟ್ರ ಕೈಲಿ ಬೈಸಿಕೊಳ್ಳುತ್ತಿದ್ದೆ.

ಸ್ಪರ್ಧೆಯ ದಿನದ್ದು ಹೇಳಲು ಜಾಸ್ತಿ ಇಲ್ಲ. ಹೊರಗೆ ಬೆಂಕಿಯಂಥ ಬಿಸಿಲು, ಹಾಲ್ ಒಳಗೆ ಏಸಿ. ತಣ್ಣಗಾದರೆ ಕ್ಲಾರಿನೆಟ್ ಶ್ರುತಿ ಇಳಿಯುತ್ತದೆ. ಪರದೆಯ ಪಕ್ಕ ಕತ್ತಲಲ್ಲಿ ನಿಂತು ಎಲ್ಲರೂ ಸದ್ದಿಲ್ಲದೆ ಬಿಸಿ ಉಸಿರು ಊದುತ್ತಿದ್ದೆವು. ನನ್ನ ಪಕ್ಕದ ಮೂರನೇ ವರ್ಷದ ಅಕ್ಕನ ಕೈ ನಡುಗುತ್ತಿತ್ತು. ಅವಳಿಗೆ ಇದೇ ಕೊನೆಯ ಸ್ಪರ್ಧೆ. ವೇದಿಕೆಯ ಮೇಲೆ ಏನಾಯಿತು ಅಂತ ಸರಿಯಾಗಿ ನೆನಪಿಲ್ಲ. ಆ ಮೆಲ್ಲಗಿನ ಜಾಗ ಮಾತ್ರ ಚೆನ್ನಾಗಿ ನೆನಪಿದೆ. ಅಲುಗಾಟ ಇರಲಿಲ್ಲ.

ಸಂಜೆ ಎಲ್ಲ ಶಾಲೆಗಳ ಪ್ರತಿನಿಧಿಗಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಫಲಿತಾಂಶ ಓದಿದರು. ಚಿನ್ನ ಅಂದಾಗ ಕಿರುಚಾಡಿದೆವು. ಮುಂದಿನ ಸುತ್ತಿನ ಪಟ್ಟಿ ಓದಿ ಮುಗಿಸಿದಾಗ ಅದೇ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಬಸ್ಸಿನಲ್ಲಿ ಯಾರೋ ಬಿಸ್ಕತ್ತು ಹಂಚಿದರು, ಸರಿಹೋಯಿತು. ಆಮೇಲೆ ತೀರ್ಪುಗಾರರು ಬರೆದ ಹಾಳೆಗಳು ಬಂದವು. ತುತ್ತೂರಿಗಳು ಶುರುವಿನಲ್ಲಿ ಒಟ್ಟಿಗೆ ಬರಲಿಲ್ಲ, ಕವಾಯತಿನ ಮಾರ್ಚ್ ಟ್ಯೂನಿನ ನಡೆ ಕೊನೆಗೆ ಓಡಿತು, ಹೀಗೆ. ಮೂರನೇ ಕ್ಲಾರಿನೆಟ್ ಬಗ್ಗೆ ಯಾರೂ ಒಂದಕ್ಷರ ಬರೆದಿಲ್ಲ. ನಾವು ಮೂರನೆಯವರೆಲ್ಲ ಅದನ್ನೇ ಹೊಗಳಿಕೆ ಅಂತ ಇಟ್ಟುಕೊಂಡಿದ್ದೇವೆ.

ಅಪ್ಪಾ, ದಸರೆಗೆ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವಾಗ ಅಜ್ಜಿಯನ್ನು ಕರೆದುಕೊಂಡು ಹೋಗಿ. ಇಂಗ್ಲಿಷ್ ಬ್ಯಾಂಡಿನವರ ಹತ್ತಿರ ಕೂರಿಸಿ. ಟ್ಯೂನ್ ಬಿಟ್ಟು ಅದರ ಒಳಗೆ ನುಡಿಸುವವರ ನಾದ ಕೇಳಲಿ.

ಪುಟ್ಟ, ಈ ಕವರ್‌ನಲ್ಲಿ ಮೂರು ಹಾಳೆ ಇಟ್ಟಿದ್ದೇನೆ. ನಿಮ್ಮ ಬ್ಯಾಂಡಿನ ಮೂರು ಕ್ಲಾರಿನೆಟ್‌ಗೆ ಬೇರೆ ಬೇರೆ ಪಾರ್ಟ್, ನಾನೇ ಬರೆದದ್ದು. ಸುಲಭವಾಗಿದೆ. ಮೇಷ್ಟ್ರಿಗೆ ತೋರಿಸು. ಮೂರನೆಯದನ್ನು ನೀನು ತಗೋ. ಒಪ್ಪಲ್ಲ ಅಂತ ಗೊತ್ತು. ಒಂದು ವಾರ ನುಡಿಸಿ ನೋಡಿ, ಆಮೇಲೆ ಜಗಳಕ್ಕೆ ಬಾ.

ನಿಮ್ಮ ಪ್ರೀತಿಯ
ಚಿನ್ನಿ